ಸೇಲಂ ಸೀಮೆಯಲ್ಲಿ ಮನೆಯ ಜೀರ್ಣೋದ್ಧಾರ

ಹಳೆಯ ಮನೆಯನ್ನು ನೆಲಸಮಮಾಡದೆ, ಅದರ ಗೋಡೆ ಕಂಬಗಳನ್ನು ಉಳಿಸಿಕೊಂಡು, ಜೀರ್ಣವಾದ ಅಂಗಗಳನ್ನು ಒಂದೊಂದಾಗಿ ತೆಗೆದು ಹೊಸದನ್ನು ಕೂಡಿಸಿ, ಇನ್ನೊಂದು ತಲೆಮಾರಿನ ವಾಸಕ್ಕೆ ಯೋಗ್ಯವಾಗುವಂತೆ ಮಾಡುವ ಕಾರ್ಯವನ್ನು ದೂರದರ್ಶನದ ಪರದೆಯ ಮೇಲೆ ಜನರಿಗೆ ತೋರಿಸುವ ಪದ್ಧತಿ ಜಗತ್ತಿನಲ್ಲಿ ಹುಟ್ಟಿ ಅರ್ಧ ಶತಮಾನ ತುಂಬುತ್ತ ಬಂದಿದೆ. ಆ ಕಾರ್ಯಕ್ರಮಗಳು ಈಗ ಎಲ್ಲ ಭಾಷೆಗಳಿಗೂ ಎಲ್ಲ ಊರುಗಳಿಗೂ ತಲುಪಿವೆ. ಸೇಲಂ ಪಟ್ಟಣದ ದೇವಾಂಗರ ಕೇರಿಗಳಲ್ಲಿಯೂ, ಧರ್ಮಪುರಿ, ಪೆನ್ನಾಗರಂ, ಡೆಂಕಣಿಕೋಟೆಗಳ ಕಡೆಯ ಒಕ್ಕಲು ಮನೆಗಳಲ್ಲಿಯೂ ಕನ್ನಡವಾಡುವ ಸಂಸಾರಗಳು ಅವನ್ನು ನೋಡುತ್ತವೆ, ಆಸೆಯಿಂದ ನೋಡುತ್ತವೆ, ಮತ್ತು ನೋಡಿ ಮುಗಿಸಿದ ಮೇಲೆ ಒಂದು ಬಗೆಯ ಅತೃಪ್ತಿಯಿಂದ ಎದ್ದುಹೋಗುತ್ತವೆ. ಆ ಅತೃಪ್ತಿಯ ಮಾತು ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ: ‘ಮೊದಲು ತೋರಿಸ್ತಾರೆ, ಕೊನೆ ತೋರಿಸ್ತಾರೆ, ನಡುವಿನ ಕೆಲಸ ಎಲ್ಲಿ?’

ಈ ಪ್ರಶ್ನೆಯನ್ನು ಅಲ್ಪವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕೇಳುತ್ತಿರುವವರು ಮನೆ ದುರಸ್ತಿಯನ್ನು ಅರಿಯದವರಲ್ಲ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಿದ, ವಾರಕ್ಕೊಮ್ಮೆ ನೆಲ ಸಾರಿಸಿದ, ಸುಣ್ಣದ ತಿಳಿಯನ್ನು ಕೈಯಿಂದಲೇ ಕದಡಿದ ವಂಶಗಳಲ್ಲಿ ಹುಟ್ಟಿದವರು. ಅವರ ಅಸಮಾಧಾನದಲ್ಲಿ ಒಂದು ಸೀಮೆಯ ದೀರ್ಘಕಾಲದ ಶಿಲ್ಪಾನುಭವವು ಮಾತಾಡುತ್ತಿದೆ. ಆ ಅನುಭವದ ಇತಿಹಾಸವನ್ನು ತಿಳಿದಲ್ಲದೆ ಆ ಅಸಮಾಧಾನದ ತೂಕ ತಿಳಿಯುವಂತಿಲ್ಲ.

ಈಗ ಧರ್ಮಪುರಿಯೆನಿಸಿಕೊಂಡಿರುವ ಊರು ಹಿಂದೆ ತಗಡೂರು. ಒಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನೊಳಂಬ ವಂಶದ ಮಹೇಂದ್ರನು ಆಳುತ್ತಿದ್ದಾಗ ನಿಧಿಯಣ್ಣ, ಚಂದಿಯಣ್ಣ ಎಂಬ ಸೆಟ್ಟಿಯ ಮಕ್ಕಳಿಬ್ಬರು ಅಲ್ಲಿ ಬಸದಿಯೊಂದನ್ನು ಕಟ್ಟಿಸಿದರೆಂದೂ ಅದಕ್ಕೆ ಹಳ್ಳಿಯೊಂದು ದತ್ತಿಯಾಗಿ ಸಂದಿತೆಂದೂ ಅಲ್ಲಿಯ ಕನ್ನಡ ಶಾಸನ ತಿಳಿಸುತ್ತದೆ. ಕನ್ನಡನಾಡಿನ ದಾನಶಾಸನಗಳನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ: ದೇವಾಲಯವನ್ನೋ ಬಸದಿಯನ್ನೋ ಕಟ್ಟಿಸಿದವರು ಪೂಜೆಗೂ ಆಹಾರದಾನಕ್ಕೂ ಭೂಮಿಯನ್ನು ಬಿಡುವಾಗಲೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ, ಅಂದರೆ ಮುಂದೆ ಒಡೆಯುವ, ಬಿರಿಯುವ ಭಾಗಗಳನ್ನು ಸರಿಪಡಿಸುವುದಕ್ಕೂ, ಉತ್ಪತ್ತಿಯನ್ನು ಗೊತ್ತುಮಾಡುವುದು ಆ ಕಾಲದ ವಾಡಿಕೆ. ಕಟ್ಟಡವು ಪೂರ್ಣವಾದ ದಿನವೇ ಅದರ ಕ್ಷಯವೂ ಆರಂಭವಾಗುತ್ತದೆಂಬುದನ್ನು ಒಪ್ಪಿಕೊಂಡು, ಆ ಕ್ಷಯಕ್ಕೆ ಆಗಲೇ ಅನ್ನವಿಟ್ಟ ಆ ಹಿರಿಯರ ವಿವೇಕವನ್ನು ನೆನೆದಾಗ ನನಗೆ ಗೌರವವುಂಟಾಗುತ್ತದೆ. ಅರಸರ ಮತ್ತು ವರ್ತಕರ ಕಟ್ಟಡಗಳಿಗೆ ಹೀಗೆ ಶಾಸನದ ರಕ್ಷೆ ಇದ್ದಿತು. ಸಾಮಾನ್ಯರ ಮನೆಗಳಿಗೆ ಇದ್ದದ್ದು ಪಂಚಾಂಗದ ರಕ್ಷೆ.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪುವಿನ ಕೈಯಿಂದ ಕಂಪನಿಯ ಕೈಗೆ ಬಂದ ಬಾರಾಮಹಲ್ ಮತ್ತು ಸೇಲಂ ಪ್ರಾಂತಕ್ಕೆ ಅಲೆಕ್ಸಾಂಡರ್ ರೀಡ್ ಅಧಿಪತಿಯಾಗಿ ಬಂದನು. ಅವನ ಸಹಾಯಕರಲ್ಲೊಬ್ಬನಾಗಿದ್ದ ತಾಮಸ್ ಮನ್ರೋ ಧರ್ಮಪುರಿಯಲ್ಲಿ ನೆಲೆಸಿ, ಅಲ್ಲಿ ತಾನು ಬೆಳೆಸಿದ ತೋಟದ ಮೇಲೆ ಬಹಳ ಮಮತೆಯಿಟ್ಟಿದ್ದನು. ಘಟ್ಟದ ಮೇಲಣ ಹೊಸೂರು, ಡೆಂಕಣಿಕೋಟೆಗಳು 1799ರಲ್ಲಿ ಟಿಪ್ಪುವಿನ ಪತನಾನಂತರ ಇದರೊಡನೆ ಸೇರಿದುವು. 1965ರಲ್ಲಿ ಧರ್ಮಪುರಿ ಜಿಲ್ಲೆ ಬೇರೆಯಾಗುವವರೆಗೆ ಇದೆಲ್ಲವೂ ಸೇಲಂ ಜಿಲ್ಲೆಯೇ. 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಮತ್ತೆ ಬೇರೆಯಾಯಿತು. ಆಡಳಿತದ ಗೆರೆಗಳು ಹೀಗೆ ಬದಲಾದರೂ ಮನೆ ಕಟ್ಟುವ ರೀತಿಯ ಗೆರೆಗಳು ಮಣ್ಣನ್ನೂ ಕಲ್ಲನ್ನೂ ಅನುಸರಿಸಿಯೇ ನಡೆದುವು. ಹೊಸೂರಿನ ಕಡೆ ನೆಲದಿಂದಲೇ ಎದ್ದು ನಿಂತ ಬಂಡೆಗಳಿರುವುದರಿಂದ ಕಲ್ಲುಕಂಬ, ಕಲ್ಲುಚಪ್ಪಡಿ, ಮಣ್ಣು ಹೊದೆಸಿದ ಮಾಳಿಗೆ. ಧರ್ಮಪುರಿಯ ಕೆಂಪುನೆಲದಲ್ಲಿ ತುಳಿದ ಮಣ್ಣಿನ ಗೋಡೆ, ಅದರ ಮೇಲೆ ನಾಡಹೆಂಚು ಅಥವಾ ಹುಲ್ಲು. ಶೇರ್ವರಾಯನ್ ಮತ್ತು ಕಲ್ರಾಯನ್ ಬೆಟ್ಟಗಳ ಮಲಯಾಳಿಗಳೆಂಬ ಗುಡ್ಡಗಾಡು ಜನರ ಊರುಗಳಲ್ಲಿ ಬಿದಿರಿನ ತಡಿಕೆ, ಬೆಟ್ಟದ ಹುಲ್ಲಿನ ಹೊದಿಕೆ.

ಈ ಮನೆಗಳಲ್ಲಿ ಯಾವುದೂ ಒಂದು ಸಲ ಕಟ್ಟಿ ಮರೆತುಬಿಡುವಂಥದಲ್ಲ. ಮಣ್ಣಿನ ಗೋಡೆಯನ್ನೇ ನೋಡಿರಿ: ಕೆಮ್ಮಣ್ಣಿಗೆ ನೀರು ಬಿಟ್ಟು, ಹುಲ್ಲು ಬೆರಸಿ, ಕಾಲಿನಿಂದ ತುಳಿದು, ಕೊಳೆಯಲು ಬಿಟ್ಟು, ಮತ್ತೆ ತುಳಿದು, ಒಂದು ವರಸೆಯನ್ನು ಮೊಳದೆತ್ತರಕ್ಕೆ ಏರಿಸಿದ ಮೇಲೆ ಅದು ಬಿಸಿಲಿಗೆ ಗಟ್ಟಿಯಾಗುವ ತನಕ ಎರಡನೆಯ ವರಸೆಯನ್ನು ಇಡುವಂತಿರಲಿಲ್ಲ, ಇಟ್ಟರೆ ಕೆಳಗಿನದು ಉಬ್ಬಿ ಕುಸಿಯುತ್ತಿದ್ದಿತು. ಆದಕಾರಣ ಕೆಲಸದ ವೇಗವನ್ನು ನಿರ್ಣಯಿಸುತ್ತಿದ್ದವನು ಮನೆಯ ಯಜಮಾನನಲ್ಲ, ಮೇಸ್ತ್ರಿಯೂ ಅಲ್ಲ, ಸೂರ್ಯ. ಚೈತ್ರ ವೈಶಾಖಗಳಲ್ಲಿ, ಬೇಸಗೆಯ ಮೊದಲ ಗುಡುಗುಮಳೆ ಬೀಳುವುದಕ್ಕೆ ಮುನ್ನ, ಹೆಂಚು ಕೈಯಾಡಿಸುವವರು ಸೂರಿನ ಮೇಲೆ ಏರುತ್ತಿದ್ದರು. ಕುಂಬಾರನ ಚಕ್ರದಲ್ಲಿ ಕೊಳವೆಯಾಗಿ ತಿರುಗಿ ಎರಡಾಗಿ ಸೀಳಿದ ಆ ಅರ್ಧವರ್ತುಲದ ಹೆಂಚುಗಳನ್ನು ಸಾಲುಸಾಲಾಗಿ ಎತ್ತಿ, ಇಲಿ ಗುಬ್ಬಿಗಳ ಗೂಡನ್ನು ಕಿತ್ತು, ಮುಕ್ಕಾದುದನ್ನು ಎಸೆದು, ಹುಳು ತಿಂದ ಗಳುವನ್ನು ಬದಲಾಯಿಸಿ, ಮತ್ತೆ ಒಂದರ ಮೇಲೊಂದು ಕವಿಚಿ ಜೋಡಿಸುವುದು ಕಣ್ಣಿಗೆ ಸರಳವಾಗಿ ಕಂಡರೂ ಕಾಲಿನ ಭಾರವನ್ನು ಎಲ್ಲಿ ಇಡಬೇಕೆಂಬ ಜ್ಞಾನವಿಲ್ಲದವನಿಗೆ ಸಾಧ್ಯವಾದ ಕೆಲಸವಲ್ಲ. ಅನನುಭವಿಯು ಹತ್ತು ಹೆಂಚು ಸರಿಪಡಿಸುವುದರಲ್ಲಿ ಇಪ್ಪತ್ತನ್ನು ತುಳಿದು ಒಡೆಯುತ್ತಾನೆ. ಧನುರ್ಮಾಸ ಮುಗಿಯುತ್ತ ಬಂದಾಗ, ಈಶಾನ್ಯದ ಮಳೆ ಹಿಂದೆಗೆದು ಗೋಡೆಯ ತೇವ ಆರಿದ ಮೇಲೆ, ಸುಣ್ಣ. ಭೋಗಿಯ ದಿನ ಹಳೆಯ ಚಾಪೆ, ಮುರಿದ ಮೊರ, ಸವೆದ ಪೊರಕೆಗಳಿಗೆ ಬೆಂಕಿಯಿಟ್ಟು, ಹೊಸದಾಗಿ ಬೆಳಗಿದ ಮನೆಯ ಸೂರಿಗೆ ಬೇವಿನ ಸೊಪ್ಪು, ತಂಗಡಿ ಹೂ, ಪೂಳೈ ಹೂಗಳ ಕಾಪು ಕಟ್ಟುವುದು ಇಂದಿಗೂ ಈ ಸೀಮೆಯಲ್ಲಿ ತಮಿಳರಿಗೂ ಕನ್ನಡಿಗರಿಗೂ ಸಮಾನವಾದ ಆಚಾರ.

ಸುಣ್ಣದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈಗಿನ ಪೀಳಿಗೆಗೆ ಅದು ಪೂರ್ಣವಾಗಿ ಮರೆತುಹೋಗುತ್ತಿದೆ. ಹೊಲದಲ್ಲಿ ಸಿಕ್ಕುವ ಸುಣ್ಣದ ಹರಳುಕಲ್ಲನ್ನು ಆರಿಸಿ ತಂದು, ಗೂಡಿನಲ್ಲಿ ಸೌದೆ ಇದ್ದಲುಗಳೊಡನೆ ಸುಟ್ಟು, ನೀರೆರೆದು ಅರಳಿಸಿ, ಮರಳಿನೊಡನೆ ಗಾರೆಯ ಗಾಣಕ್ಕೆ ಹಾಕುತ್ತಿದ್ದರು. ನೆಲದಲ್ಲಿ ವರ್ತುಲಾಕಾರವಾಗಿ ತೋಡಿದ ಕಲ್ಲಿನ ಕಾಲುವೆ, ಅದರೊಳಗೆ ಎತ್ತುಗಳು ಎಳೆದಂತೆ ಉರುಳುವ ಕಲ್ಲಿನ ಚಕ್ರ. ಗಂಟೆಗಟ್ಟಲೆ ಅರೆದ ಆ ಗಾರೆಗೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು; ಸಿರಿವಂತರ ಮನೆಯ ಕೊನೆಯ ಲೇಪಕ್ಕೆ ಮೊಟ್ಟೆಯ ಬಿಳಿಯೂ ಉಂಟು. ತಾರಸಿಯ ಮೇಲೆ ಇಟ್ಟಿಗೆಚೂರು ಬೆರೆಸಿದ ಗಾರೆಯನ್ನು ಹರವಿ, ಹೆಂಗಸರು ಸಾಲಾಗಿ ಕುಳಿತು ಮರದ ಹಲಗೆಗಳಿಂದ ಹಾಡಿನ ಲಯಕ್ಕೆ ತಕ್ಕಂತೆ ಬಡಿಯುತ್ತಿದ್ದರು. ಒಂದು ದಿನವಲ್ಲ, ಎರಡು ದಿನವಲ್ಲ, ಹಲಗೆ ತಗುಲಿದರೆ ಗುರುತು ಬೀಳದಷ್ಟು ಗಟ್ಟಿಯಾಗುವವರೆಗೆ. ಆ ಸ್ತ್ರೀಯರ ಬಡಿತವಿಲ್ಲದಿದ್ದರೆ ತಾರಸಿಯೇ ಇಲ್ಲ. ಚಿತ್ತಾಳು ಎಂದು ಇಂದು ಕೆಲಸದ ಜಾಗದಲ್ಲಿ ಕರೆಸಿಕೊಳ್ಳುವ ಹೆಣ್ಣಾಳುಗಳ ತೋಳಿನ ಬಲದಿಂದಲೇ ಈ ಸೀಮೆಯ ಮಾಳಿಗೆಗಳು ಮಳೆಯನ್ನು ತಡೆದು ನಿಂತುವು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಕಟ್ಟಡದ ಇತಿಹಾಸವನ್ನು ಬರೆಯುವವರೂ ಅವರನ್ನು ಬಹುಶಃ ಮರೆಯುತ್ತಾರೆ.

ಬಡಗಿ, ಕಮ್ಮಾರ, ಕುಂಬಾರರಿಗೆ ಸಲ್ಲುತ್ತಿದ್ದುದು ಹೆಚ್ಚಾಗಿ ಸುಗ್ಗಿಯ ಕಣದಲ್ಲಿ ಅಳೆದುಕೊಡುವ ಆಯ; ಒಡ್ಡರು ಮಾತ್ರ ಕಲ್ಲು ಸೀಳುವ ಕೂಲಿಗೆ ಊರಿಂದೂರಿಗೆ ಬರುತ್ತಿದ್ದರು. ಆಯದ ವ್ಯವಸ್ಥೆಯಲ್ಲಿ ಅನ್ಯಾಯಗಳಿದ್ದುವು, ಜಾತಿಯ ಕಟ್ಟುಗಳಿದ್ದುವು, ಅದನ್ನು ನಾನು ಹೊಗಳಲು ಹೊರಟಿಲ್ಲ. ಆದರೆ ಬಾಗಿಲನ್ನು ಮಾಡಿದ ಆಚಾರಿಯು ಅದೇ ಬೀದಿಯಲ್ಲಿ ವಾಸವಾಗಿದ್ದನು. ಮಳೆಗಾಲದಲ್ಲಿ ಅದು ಊದಿ ಹೊಸ್ತಿಲಿಗೆ ಸಿಕ್ಕಿಕೊಂಡರೆ ಅವನೇ ಬಂದು ಹೆತ್ತಬೇಕಾಗಿತ್ತು. ಮಾಡಿದವನಿಗೂ ಮಾಡಿಸಿಕೊಂಡವನಿಗೂ ನಡುವೆ ಇದ್ದ ಈ ವರ್ಷಾಂತರಗಳ ಸಂಬಂಧವು ಕೆಲಸದ ಗುಣಕ್ಕೆ ಒಂದು ಜಾಮೀನಾಗಿದ್ದಿತು.

ಸೇಲಮಿನ ನೇಕಾರರ ಮನೆಯ ಸಂಗತಿಯೇ ಬೇರೆ. ಚೌಡೇಶ್ವರಿಯ ಒಕ್ಕಲಾದ ದೇವಾಂಗರಲ್ಲಿ ಕನ್ನಡ ಮನೆಮಾತಿನವರೂ ತೆಲುಗು ಮನೆಮಾತಿನವರೂ ಇದ್ದಾರೆ. ಸೌರಾಷ್ಟ್ರರೂ ಸೆಂಗುಂದರೂ ಅವರ ನೆರೆಯವರು. ಇವರಿಗೆ ಮನೆಯೆಂದರೆ ಮೊದಲು ಮಗ್ಗ, ಆಮೇಲೆ ಅಡುಗೆ, ಕೊನೆಗೆ ನಿದ್ರೆ. ಪಡಸಾಲೆಯಲ್ಲಿ ಕುಣಿ ತೋಡಿ, ಕಾಲುಗಳನ್ನು ಅದರೊಳಗೆ ಇಳಿಬಿಟ್ಟು ತುಳಿಯುವ ಕುಣಿಮಗ್ಗಕ್ಕೆ ಮಣ್ಣಿನ ನೆಲವೇ ಹಿತ, ಏಕೆಂದರೆ ನೆಲದ ತಂಪು ನೂಲಿಗೆ ತೇವವನ್ನು ಕೊಡುತ್ತದೆ. ತೇವವಿಲ್ಲದ ಹಾಸು ಸೇಲಮಿನ ಬೇಸಗೆಯಲ್ಲಿ ಮಾತುಮಾತಿಗೂ ಹರಿಯುತ್ತದೆ. ಕಿಟಕಿ ಎಲ್ಲಿರಬೇಕೆಂಬುದನ್ನು ನಿರ್ಣಯಿಸುವುದು ಬೀದಿಯ ನೋಟವಲ್ಲ, ನೇಯುವವನ ಕಣ್ಣಿಗೆ ಬೀಳಬೇಕಾದ ಬೆಳಕು. ತೊಲೆಯ ಎತ್ತರವನ್ನು ನಿರ್ಣಯಿಸುವುದು ಮಗ್ಗವನ್ನು ತೂಗುಹಾಕುವ ಹಗ್ಗ. ಹಾಸನ್ನು ಉದ್ದಕ್ಕೆ ಹಿಡಿದು ಗಂಜಿ ಹಾಕುವುದಕ್ಕೆ ಬೀದಿಯೂ ಪಾವಡಿಯೆಂಬ ಸಾಮೂಹಿಕ ಬಯಲೂ ಬೇಕಾಗಿದ್ದುದರಿಂದ ಮನೆಯ ಎಲ್ಲೆ ಗೋಡೆಗೆ ನಿಲ್ಲುತ್ತಿರಲಿಲ್ಲ. ಇಂಥ ಮನೆಯಲ್ಲಿ ಒಂದು ಗೋಡೆಯನ್ನು ಸರಿಸುವುದೆಂದರೆ ಜೀವನೋಪಾಯವನ್ನೇ ಸರಿಸಿದಂತೆ. ಸಿಮೆಂಟು ನೆಲ, ಬಳಿಕ ಹೊಳೆಯುವ ಟೈಲ್ಸು ಬಂದಾಗ ಅನೇಕ ಮನೆಗಳಲ್ಲಿ ಕುಣಿಯನ್ನು ಮುಚ್ಚಿದರು. ಪವರ್‌ಲೂಮಿನ ಸದ್ದು ಬೀದಿಯನ್ನು ತುಂಬಿದ್ದೂ ಅದೇ ಕಾಲ. ಮಗ್ಗ ಹೋದದ್ದರಿಂದ ನೆಲ ಬದಲಾಯಿತೋ, ನೆಲ ಬದಲಾದದ್ದರಿಂದ ಮಗ್ಗ ಹೋಯಿತೋ ಎಂದು ಕೇಳಿದರೆ, ಎರಡೂ ನಡೆದುವೆಂದೇ ಹೇಳಬೇಕು.

ಮನೆಯ ಹೊದಿಕೆಗೆ ಬಂದ ಅತಿ ಘೋರವಾದ ಕಾಲವೆಂದರೆ 1876ರಿಂದ 1878ರ ಕ್ಷಾಮ. 1871ರ ಗಣತಿಯಲ್ಲಿ ಹತ್ತೊಂಬತ್ತೂವರೆ ಲಕ್ಷಕ್ಕೂ ಮೀರಿದ್ದ ಸೇಲಂ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಹದಿನಾರು ಲಕ್ಷದೊಳಗೆ ಇಳಿದಿದ್ದಿತು. ಮದರಾಸು ಪ್ರಾಂತದಲ್ಲಿ ಮೇವಿಲ್ಲದೆ ಸಾಯುತ್ತಿದ್ದ ದನಗಳಿಗೆ ಜನ ಮನೆಯ ಸೂರಿನ ಹುಲ್ಲನ್ನು ಕಿತ್ತು ಹಾಕಿದರೆಂಬುದು ಆ ಕ್ಷಾಮದ ವರದಿಗಳಲ್ಲಿ ದಾಖಲಾಗಿದೆ. ತನ್ನ ತಲೆಯ ಮೇಲಿನ ನೆರಳನ್ನು ಎತ್ತಿನ ಹೊಟ್ಟೆಗೆ ಕೊಟ್ಟ ಒಕ್ಕಲಿಗನ ಮುಂದೆ ಮನೆಯ ಸೌಂದರ್ಯದ ಚರ್ಚೆಗಳೆಲ್ಲವೂ ಮೌನವಾಗಬೇಕು.

ಇತರ ಬದಲಾವಣೆಗಳೂ ಶೀಘ್ರವಾಗಿ ಬಂದುವು. ಕ್ಷಾಮಕ್ಕೆ ಮೊದಲೇ, 1860ರ ದಶಕದಲ್ಲಿ, ಸೇಲಮಿನ ಮೂಲಕ ಪಶ್ಚಿಮ ಕರಾವಳಿಗೆ ರೈಲುದಾರಿ ತೆರೆಯಿತು. ಅದೇ ದಶಕದಲ್ಲಿ, 1865ರಲ್ಲಿ, ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಒಂದಕ್ಕೊಂದು ಕೊಕ್ಕೆ ಹಾಕಿ ಕೂಡುವ ಆ ಚಪ್ಪಟೆ ಹೆಂಚು ಬಂದಲ್ಲೆಲ್ಲ ವರ್ಷಂಪ್ರತಿ ಕೈಯಾಡಿಸುವ ಕೆಲಸ ಬಹಳಮಟ್ಟಿಗೆ ತಗ್ಗಿತು, ಕುಂಬಾರನ ಚಕ್ರದ ಒಂದು ಅನ್ನವೂ ಅಷ್ಟರಮಟ್ಟಿಗೆ ತಗ್ಗಿತು. 1963ರಲ್ಲಿ ಇಂಡಿಯಾ ಸಿಮೆಂಟ್ಸ್ ಸಂಸ್ಥೆಯು ಸೇಲಂ ಜಿಲ್ಲೆಯ ಸಂಕರಿಯಲ್ಲಿ ತನ್ನ ಎರಡನೆಯ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಗಾರೆಯ ಗಾಣಗಳ ಎತ್ತುಗಳಿಗೆ ವಿಶ್ರಾಂತಿ ದೊರೆಯಿತು. 2010ರಲ್ಲಿ ತಮಿಳುನಾಡು ಸರ್ಕಾರ ಗುಡಿಸಲುಗಳನ್ನು ಕಾಂಕ್ರೀಟು ಮನೆಗಳಾಗಿ ಮಾರ್ಪಡಿಸುವ ದೊಡ್ಡ ಯೋಜನೆಯನ್ನು ಕೈಗೊಂಡಿತು. ಬೇಸಗೆಯ ಒಂದು ಕಿಡಿಗೆ ಬೀದಿಯೇ ಉರಿದುಹೋಗುತ್ತಿದ್ದ ಭಯವನ್ನು ಬಲ್ಲ ಯಾರೂ ಹುಲ್ಲಿನ ಹೊದಿಕೆ ಹೋಯಿತೆಂದು ಶೋಕಿಸಲಾರರು, ನಾನೂ ಶೋಕಿಸುವುದಿಲ್ಲ.

ಆ ವೇಳೆಗೆ ಅದೇ ಸೂರಿನ ಕೆಳಗೆ ದೂರದರ್ಶನದ ಪೆಟ್ಟಿಗೆಯೂ ಬಂದು ಕುಳಿತಿದ್ದಿತು. 2006ರಲ್ಲಿ ಸರ್ಕಾರವೇ ಬಣ್ಣದ ಟಿವಿಗಳನ್ನು ಉಚಿತವಾಗಿ ಹಂಚತೊಡಗಿದುದರಿಂದ, ಮನೆ ದುರಸ್ತಿಗೆ ಹಣವಿಲ್ಲದವರ ಮನೆಯಲ್ಲಿಯೂ ಇತರರ ಮನೆಯ ದುರಸ್ತಿಯನ್ನು ನೋಡುವ ಸಾಧನವಿದ್ದಿತು. ಈ ಬಗೆಯ ಕಾರ್ಯಕ್ರಮದ ಮೂಲವನ್ನು ಹುಡುಕಿದರೆ 1979ರಲ್ಲಿ ಅಮೆರಿಕದ ಬೋಸ್ಟನ್ನಿನ ಸಾರ್ವಜನಿಕ ಕೇಂದ್ರವೊಂದರಲ್ಲಿ ರಸಲ್ ಮೊರಾಶ್ ಎಂಬಾತ ಆರಂಭಿಸಿದ ‘ದಿಸ್ ಓಲ್ಡ್ ಹೌಸ್’ ಸಿಕ್ಕುತ್ತದೆ. ಒಂದೇ ಹಳೆಯ ಮನೆಯನ್ನು ಹಿಡಿದು ಅನೇಕ ಕಂತುಗಳವರೆಗೆ ಅದರ ಪಾಯ, ಕೊಳಾಯಿ, ಮರಗೆಲಸಗಳನ್ನು ಸಾವಧಾನವಾಗಿ ತೋರಿಸಿದ ಆ ಕಾರ್ಯಕ್ರಮದಲ್ಲಿ ನಾರ್ಮ್ ಅಬ್ರಾಮ್ ಎಂಬ ಬಡಗಿಯು ವೀಕ್ಷಕರ ಗೌರವಕ್ಕೆ ಪಾತ್ರನಾದನು. ಬಡಗಿಯೊಬ್ಬನ ಹೆಸರನ್ನು ದೇಶವೇ ಬಲ್ಲಂತಾದುದು ಆ ಮಾಧ್ಯಮದ ಒಂದು ಪುಣ್ಯಕಾರ್ಯವೆಂದೇ ನನ್ನ ಭಾವನೆ. ಮುಂದೆ ದಾರಿ ತಪ್ಪಿತು. 1996ರಲ್ಲಿ ಬಿಬಿಸಿಯಲ್ಲಿ ಬಂದ ‘ಚೇಂಜಿಂಗ್ ರೂಮ್ಸ್’ನಲ್ಲಿ ನೆರೆಹೊರೆಯ ಎರಡು ಮನೆಯವರು ಪರಸ್ಪರರ ಕೋಣೆಯೊಂದನ್ನು ಎರಡೇ ದಿನಗಳಲ್ಲಿ, 500 ಪೌಂಡು ವೆಚ್ಚದಲ್ಲಿ ಬದಲಾಯಿಸಬೇಕಾಗಿದ್ದಿತು. 2003ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್’ ಇನ್ನೂ ಮುಂದೆ ಹೋಗಿ, ಮನೆಯವರನ್ನು ಪ್ರವಾಸಕ್ಕೆ ಕಳುಹಿಸಿ ಏಳು ದಿನಗಳಲ್ಲಿ ಇಡೀ ಮನೆಯನ್ನೇ ಕಟ್ಟಿ, ಒಂದು ಬಸ್ಸನ್ನು ಅಡ್ಡ ನಿಲ್ಲಿಸಿ, ಅದನ್ನು ಸರಿಸಿ ತೋರಿಸುವ ಕ್ಷಣವನ್ನೇ ಪರಮಾರ್ಥವೆಂದು ಸ್ಥಾಪಿಸಿತು. ಈ ಬಗೆಯವನ್ನು ಭಾರತಕ್ಕೆ ತಂದದ್ದು 1991ರ ಅನಂತರದ ಉಪಗ್ರಹವಾಹಿನಿಗಳು; ನಮ್ಮ ವಾಹಿನಿಗಳೂ ಮೊಬೈಲಿನ ಪರದೆಗಳೂ ಅದೇ ಅಚ್ಚನ್ನು ಹಿಡಿದುವು.

ಸೇಲಂ ಸೀಮೆಯ ವೀಕ್ಷಕರ ಬೇಸರದ ಕಾರಣಗಳು ಈಗ ತಾವಾಗಿಯೇ ತಿಳಿಯುತ್ತವೆ. ಗಾರೆ ಒಣಗುವುದಕ್ಕೆ, ಸಿಮೆಂಟಿಗೆ ನೀರು ಕುಡಿಸುವುದಕ್ಕೆ, ಬಣ್ಣದ ಒಂದು ಲೇಪ ಆರಿದ ಮೇಲೆ ಮತ್ತೊಂದನ್ನು ಬಳಿಯುವುದಕ್ಕೆ ಎಷ್ಟು ದಿನ ಬೇಕೆಂದು ಬಲ್ಲವಳ ಮುಂದೆ ಎರಡು ದಿನಗಳ ಕೋಣೆಯನ್ನು ಹಿಡಿದರೆ, ಆಕೆಗೆ ವಿಸ್ಮಯವಾಗುವುದಿಲ್ಲ, ಆ ಗೋಡೆಯ ಮುಂದಿನ ಮಳೆಗಾಲದ ಚಿಂತೆಯಾಗುತ್ತದೆ. ದೊಡ್ಡ ಸುತ್ತಿಗೆಯಿಂದ ಗಟ್ಟಿಯಾದ ಹಲಗೆ ಬಾಗಿಲುಗಳನ್ನು ಪುಡಿಮಾಡಿ ನಗುವ ದೃಶ್ಯವನ್ನು ನಮ್ಮ ಮುದುಕರು ಸಹಿಸುವುದಿಲ್ಲ: ಹಳೆಯ ಮನೆಯ ಬಾಗಿಲುವಾಡ, ತೊಲೆ, ಕಂಬಗಳನ್ನು ಬಿಚ್ಚಿ ಹೊಸ ಮನೆಗೆ ಕೂಡಿಸುವುದು ಈ ಕಡೆಯ ವಾಡಿಕೆ, ತೇಗದ ಬಾಗಿಲನ್ನು ಮುರಿಯುವುದು ಅವರ ಕಣ್ಣಿಗೆ ಹಿಂಸೆ. ಜಾಹೀರಾತು ಮುಗಿದಾಗಲೆಲ್ಲ ನೋಡಿದ್ದನ್ನೇ ಮತ್ತೆ ತೋರಿಸಿ ಕಾಲ ಕಳೆಯುವವರು, ಕೆಲಸವನ್ನು ತೋರಿಸುವುದಕ್ಕೆ ಮಾತ್ರ ಕಾಲವಿಲ್ಲವೆನ್ನುತ್ತಾರೆ. ವೆಚ್ಚವನ್ನು ಹೇಳಿದರೂ ಕೂಲಿಯನ್ನು ಅದರಲ್ಲಿ ಸೇರಿಸಿರುವರೋ ಇಲ್ಲವೋ ತಿಳಿಯುವುದಿಲ್ಲ. ಒಡವೆಯನ್ನು ಅಡವಿಟ್ಟು ಅಡುಗೆಮನೆಯನ್ನು ಸರಿಪಡಿಸಿಕೊಳ್ಳಬೇಕಾದ ಸಂಸಾರಕ್ಕೆ ಬೇಕಾಗಿರುವುದು ಆ ಲೆಕ್ಕವೇ. ಅಲಂಕಾರವನ್ನು ಯೋಜಿಸಿದವನ ಹೆಸರು ಹತ್ತು ಸಲ ಬರುತ್ತದೆ, ಗೋಡೆಯನ್ನು ಮಟ್ಟಮಾಡಿದ ಮೇಸ್ತ್ರಿಯ ಹೆಸರು ಒಮ್ಮೆಯೂ ಬರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮರುವರ್ಷ ಆ ಮನೆ ಹೇಗಿದೆಯೆಂದು ಯಾರೂ ಹೋಗಿ ನೋಡುವುದಿಲ್ಲ.

ಈ ಕೊನೆಯ ಆಕ್ಷೇಪವು ಎಷ್ಟು ಸತ್ಯವೆಂಬುದಕ್ಕೆ ಅಮೆರಿಕದಲ್ಲಿಯೇ ನಿದರ್ಶನವಿದೆ. ಜಾರ್ಜಿಯಾದ ಕುಟುಂಬವೊಂದಕ್ಕೆ 2005ರಲ್ಲಿ ಆ ಏಳು ದಿನಗಳ ಕಾರ್ಯಕ್ರಮದವರು ಭವ್ಯವಾದ ಮನೆಯನ್ನು ಕಟ್ಟಿಕೊಟ್ಟರು. ಅದನ್ನು ಆಧಾರವಿಟ್ಟು ಎತ್ತಿದ ಸಾಲವನ್ನು ತೀರಿಸಲಾಗದೆ 2008ರಲ್ಲಿ ಅದು ಸಾಲ ಕೊಟ್ಟವರ ಪಾಲಿಗೆ ಹೋಗುವ ಸ್ಥಿತಿಗೆ ಬಂದಿತು. ದೊಡ್ಡ ಮನೆಯ ತೆರಿಗೆಯನ್ನೂ ವಿದ್ಯುತ್ತಿನ ವೆಚ್ಚವನ್ನೂ ಭರಿಸಲಾಗದೆ ತೊಳಲಿದ ಇತರ ಕುಟುಂಬಗಳ ವಾರ್ತೆಗಳೂ ಬಂದುವು. 2012ರಲ್ಲಿ, ‘ಹೌಸ್ ಹಂಟರ್ಸ್’ ಎಂಬ ಮನೆ ಹುಡುಕುವ ಕಾರ್ಯಕ್ರಮದಲ್ಲಿ ಕುಟುಂಬದವರು ಆಗಲೇ ಕೊಂಡಿದ್ದ ಮನೆಯನ್ನೇ ಇನ್ನೂ ಹುಡುಕುತ್ತಿರುವಂತೆ ತೋರಿಸಲಾಗಿದ್ದಿತೆಂಬುದು ಹೊರಬಿದ್ದಾಗ ಅಲ್ಲಿಯ ವೀಕ್ಷಕರೂ ನೊಂದುಕೊಂಡರು. ತಗಡೂರಿನ ಬಸದಿಗೆ ಹಳ್ಳಿಯೊಂದರ ಉತ್ಪತ್ತಿಯನ್ನು ಏಕೆ ಬಿಟ್ಟರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಾಗಿಲ್ಲ: ಕಟ್ಟಿಕೊಡುವುದು ದಾನದ ಅರ್ಧ, ಕಟ್ಟಿದ್ದು ನಿಲ್ಲುವುದಕ್ಕೆ ದಾರಿಮಾಡುವುದು ಉಳಿದರ್ಧ.

ನಮ್ಮ ವೀಕ್ಷಕರಿಗೆ ಬೇಕಾಗಿರುವ ಕಾರ್ಯಕ್ರಮವನ್ನು ಈ ಸೀಮೆಯಲ್ಲಿಯೇ ತೆಗೆಯಬಹುದು, ಮತ್ತು ಅದಕ್ಕೆ ಬೇಕಾದವರು ಇನ್ನೂ ಬದುಕಿರುವಾಗಲೇ ತೆಗೆಯಬೇಕು. ಪೆನ್ನಾಗರದ ಕಡೆಯ ಒಂದು ನಾಡಹೆಂಚಿನ ಮನೆ, ಇಲ್ಲವೆ ಸೇಲಮಿನ ಕೇರಿಯಲ್ಲಿ ಕುಣಿಮಗ್ಗ ಉಳಿದಿರುವ ಒಂದು ನೇಕಾರನ ಮನೆ ಸಾಕು. ಚೈತ್ರದಲ್ಲಿ ಸೂರಿನ ಮೇಲೇರುವವನೊಡನೆ ಕ್ಯಾಮರಾ ಏರಬೇಕು. ಅವನ ಕಾಲು ಯಾವ ಹೆಂಚಿನ ಮೇಲೆ ಬೀಳುತ್ತದೆ, ಯಾವುದನ್ನು ಬಿಟ್ಟು ದಾಟುತ್ತದೆ ಎಂಬುದನ್ನು ಅವಸರವಿಲ್ಲದೆ ತೋರಿಸಬೇಕು. ಸುಣ್ಣ ಎಷ್ಟು, ಅಳಲೆಕಾಯಿ ಎಷ್ಟು, ಎಷ್ಟು ದಿನ ನೆನೆಯಿತು, ಹಲಗೆ ಹಿಡಿದು ಬಡಿದ ಹೆಂಗಸರು ಯಾರು, ಅವರಿಗೆ ಕೊಟ್ಟ ಕೂಲಿ ಎಷ್ಟು ಎಂಬುದನ್ನು ಅವರ ಬಾಯಿಂದಲೇ ಹೇಳಿಸಬೇಕು. ಭೋಗಿಗೆ ಸುಣ್ಣ ಬಳಿದು ಕಾಪು ಕಟ್ಟಿದ ದಿನ ಅದು ಮುಗಿಯಕೂಡದು. ಮುಂದಿನ ಕಾರ್ತಿಕದ ಮಳೆ ಕಳೆದ ಬಳಿಕ ಅದೇ ಮನೆಗೆ ಮತ್ತೊಮ್ಮೆ ಹೋಗಿ, ಯಾವ ಮೂಲೆಯಲ್ಲಿ ಸೋರಿತು, ಅದನ್ನು ಯಾರು ಬಂದು ಸರಿಪಡಿಸಿದರು ಎಂದು ಮನೆಯೊಡತಿಯನ್ನು ಕೇಳಬೇಕು.